ಎರಡು ಬೀಪ್‌ಗೆ ಕೆಳಗಿಳಿದ ಮುನಿಯಪ್ಪ ಮಾಮ

ಎರಡು ಬೀಪ್ ಕೇಳಿಸಿದ್ದೇ ತಡ, ಮುನಿಯಪ್ಪ ಮಾಮ ಇನ್ನೊಂದು ಮೆಟ್ಟಿಲು ಕೆಳಗಿಳಿದುಬಿಟ್ಟರು.

ಆ ಬೀಪ್‌ಗೆ ನಾನು ಇಟ್ಟಿದ್ದ ಅರ್ಥ: ವಿಷಗಾಳಿ ಇದೆ, ಮೇಲೆ ಬಾ.

ಆಂಡರ್ಸನ್‌ಪೇಟೆಯಲ್ಲಿ ಅವರ ಮನೆ ಹಿಂದಿನ ಬತ್ತಿದ ಬಾವಿ ಅದು. ಗಾಳಿ ಚೆನ್ನಾಗೇ ಇತ್ತು, ಪರೀಕ್ಷೆಗೆಂದು ಮೇಲಿನಿಂದ ರಿಮೋಟ್ ಒತ್ತಿ ಸದ್ದು ಮಾಡಿಸಿದವಳು ನಾನೇ.

ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸಬಾರದು. ಕಾನೂನಿದೆ, ಬೀದಿಯಲ್ಲಿ ನಾವು ಗಂಟಲು ಹರಿದುಕೊಂಡಿದ್ದೇವೆ. ಆದರೂ ಇಳಿಸುತ್ತಿದ್ದಾರೆ, ನಾಚಿಕೆಗೆಟ್ಟವರು.

ಅದು ನಿಲ್ಲುವ ತನಕ ಒಂದು ಜೀವವಾದರೂ ಉಳಿಯಲಿ ಎಂದು ವಿಷಗಾಳಿ ತಗುಲಿದರೆ ಸದ್ದು ಮಾಡುವ, ಸೊಂಟಕ್ಕೆ ಕಟ್ಟುವ ಈ ಡಬ್ಬಿ ಮಾಡಿದ್ದು.

ಈವರೆಗೆ ಅದರೊಳಗಿದ್ದದ್ದು ಪ್ರೋಗ್ರಾಮೆಬಲ್ ಚಿಪ್. ತಪ್ಪಾದರೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ತಿದ್ದಬಹುದು. ಆದರೆ ದುಬಾರಿ, ಬ್ಯಾಟರಿಯನ್ನೂ ಕುಡಿಯುತ್ತದೆ.

ಸಾವಿರಾರು ಜನರಿಗೆ ಸಿಗಬೇಕೆಂದರೆ ಅದೇ ಡಿಸೈನನ್ನು ನಮ್ಮದೇ ಕಸ್ಟಮ್ ಚಿಪ್ ಆಗಿ ಅಚ್ಚು ಹಾಕಿಸಬೇಕು. ಅಚ್ಚಾದ ಮೇಲೆ ಒಂದು ಗೆರೆಯನ್ನೂ ಅಲುಗಿಸಲಾಗದು.

ಲ್ಯಾಬಿನಲ್ಲಿ ಎಲ್ಲ ಟೆಸ್ಟೂ ಪಾಸಾಗಿತ್ತು...

"ಯಾಕೆ ಇಳಿದ್ರಿ ಮಾಮ?"

"ಗಣೀಲಿ ಎರಡು ಗಂಟೆ ಒಡುದ್ರೆ ನಮ್ಮನ್ನ ತುಂಬ್ಕೊಂಡ ಕೇಜು ಕೆಳಕ್ಕೆ ಓಗೋದು ಕಣಮ್ಮ. ಗಣಿ ಗಂಟೆಗೆ ಪಳಗಿದ ಕಾಲಿದು, ನಿನ್ ಡಬ್ಬಿ ಮಾತು ಕೇಳ್ತದಾ?"

ಚಿನ್ನದ ಗಣಿ ಮುಚ್ಚಿದ ಮೇಲೆ ಮ್ಯಾನ್‌ಹೋಲ್‌ಗೆ ಇಳಿದವರು ಅವರು. ಅವರ ಜೊತೆಯವರೂ ಅಷ್ಟೇ. ಈ ಡಬ್ಬಿ ಮೊದಲು ಹೋಗುವುದೇ ಅವರ ಸೊಂಟಕ್ಕೆ.

"ಮತ್ತೆ ಯಾವ ಸದ್ದು ಇಡ್ಲಿ?"

"ಎಣಿಸೋ ಅಂಗೇ ಇರಬಾರ್ದು. ಬಿಡದಂಗೆ ಕಿರುಚ್ಲಿ. ನೀನು ಧರಣೀಲಿ ಕಿರುಚ್ತೀಯಲ್ಲ, ಅಂಗೆ!"

ಸಂಜೆ ಬಂಗಾರಪೇಟೆಯ ರೈಲು ಹತ್ತಿದೆ. ಮಡಿಲಲ್ಲಿ ಲ್ಯಾಪ್‌ಟಾಪ್, ಕಿಟಕಿಯಾಚೆ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಸೈನೈಡ್ ದಿಬ್ಬಗಳು... ಮಬ್ಬಿನಲ್ಲಿ ಅವು ನೆಲಕ್ಕಿಳಿದು ಮಲಗಿದ ಮೋಡಗಳಂತಿವೆ.

ರೈಲು ತೂಗುತ್ತದೆ. ಕಣ್ಣು ಎಳೆಯುತ್ತದೆ. ನೀರು ತುಂಬಿದ ಗಣಿಯ ಆಳದಲ್ಲಿ ಇನ್ನೂ ಗಂಟೆ ಹೊಡೆಯುತ್ತಿದೆ, ಎರಡು, ಮತ್ತೆ ಎರಡು... ಊರಿಡೀ ಕಾಲುಗಳು ನಿದ್ದೆಯಲ್ಲೇ ಎದ್ದು ಇಳಿಯತೊಡಗುತ್ತವೆ.

ಬೆಚ್ಚಿ ಕಣ್ಣು ಬಿಟ್ಟು ಆ ಎರಡು ಬೀಪನ್ನು ಅಳಿಸಿ ಹಾಕಿದೆ.

ಇಳಿಯುವವರನ್ನು ಒಂದು ಮಾತೂ ಕೇಳದೆ ಅವರ ಜೀವಕ್ಕೆ ಡಿಸೈನ್ ಬರೆದಿದ್ದೆ. ಮೇಲೆ ನಿಂತು ಇಳಿಸುವವರಿಗಿಂತ ನಾನೇನು ಬೇರೆ?

ಅಚ್ಚಿಗೆ ಕಳಿಸಲು ಇನ್ನು ನಾಲ್ಕು ದಿನ ಇದೆ... ನಿಮ್ಮೂರಲ್ಲಿ ಇಳಿಯುವವರು ಯಾವ ಸದ್ದಿಗೆ ಮೇಲೆ ಬರುತ್ತಾರೆ, ಅವರನ್ನೇ ಕೇಳಿ ಹೇಳುತ್ತೀರಾ?