ಸಿದ್ದರಾಜಣ್ಣನ ಡಬ್ಬಿ ಮತ್ತು ನನ್ನ ಬಿಳಿ ಜಾಕೆಟ್ಟು

ಕಳೆದ ಭಾನುವಾರ ನನ್ನ ಜೀನ್ಸ್ ಪ್ಯಾಂಟು ಏಳು ಕೆಜಿ ತೂಗಿತು.

(ಅಮ್ಮ ಹಿಂಡಿ ನೋಡಿ ಎರಡು ಕೆಜಿ ಅಂದಳು. ಅಮ್ಮನಿಗೆ ಕಥೆ ಹೇಳಲು ಬರುವುದಿಲ್ಲ. ಬಂದಿದ್ದರೆ ಈ ಅಂಕಣ ಅವಳೇ ಬರೆಯುತ್ತಿದ್ದಳು.)

ಒದ್ದೆ ಜೀನ್ಸ್ ಹಾಕಿಕೊಂಡು ಗದ್ದೆ ಬದುವಿನ ಮೇಲೆ ನಡೆದಿದ್ದೀರಾ? ನಡೆಯಬೇಡಿ. ಒಂದೊಂದು ಕಾಲಿಗೂ ಒಂದೊಂದು ಎಮ್ಮೆ ಕರು ಕಟ್ಟಿದ ಹಾಗಿರುತ್ತದೆ. ಒಂದು ಪೂರ್ವಕ್ಕೆ ಎಳೆದರೆ ಇನ್ನೊಂದು ಪಶ್ಚಿಮಕ್ಕೆ. ಇನ್ನು ನನ್ನ ಬಿಳಿ ಶೂಗಳ ವಿಷಯ ಕೇಳಲೇಬೇಡಿ. ಬಲಗಾಲಿನದು ಇನ್ನೂ ಆ ಗದ್ದೆಯಲ್ಲೇ ಇದೆ. ಈ ಹೊತ್ತಿಗೆ ಅದರಲ್ಲಿ ಪೈರು ಬಂದಿರಬೇಕು.

ವಾರವಾರ ಓದುವ ನಿಮಗೆ ಗೊತ್ತು. ನಾನು ಹೇಳಿದ್ದನ್ನು ಎರಡರಿಂದ ಭಾಗಿಸಿ ನಂಬಬೇಕು. ಈ ವಾರವೂ ಮೊದಮೊದಲು ಹಾಗೇ ಮಾಡಿ. ಕೊನೆಕೊನೆಗೆ ಬೇಡ.

ನನ್ನ ಜೊತೆ ಬಂದವಳು ಕಾವ್ಯ. ಮಂಡ್ಯದ ಕಾಲೇಜಿನಲ್ಲಿ, ಸೆಕೆಂಡ್ ಪಿಯುಸಿ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು. ದಿನಾ ಮದ್ದೂರಿನಿಂದ ಟ್ರೇನಿಗೆ ಬರುತ್ತಾಳೆ. ನಾನು ನೂರು ಮಾತಾಡಿದರೆ ಅವಳು ಒಂದಾಡುತ್ತಾಳೆ.

ನಾವು ಹೋಗಿದ್ದು ಜಿಯೋಕ್ಯಾಶಿಂಗಿಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಆ ಜಾಗದ ಗುರುತನ್ನು ಫೋನಿನ ಆ್ಯಪ್‌ನಲ್ಲಿ ಹಾಕುತ್ತಾರೆ. ಬೇರೆಯವರು ಬಂದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ನೋಟ್‌ಬುಕ್ಕಿನಲ್ಲಿ ಬಂದು ಹೋದ ಗುರುತಿಗೆ ಒಂದು ಸಾಲು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಬಹುಮಾನ? ಇಲ್ಲ. ಸರ್ಟಿಫಿಕೇಟು? ಇಲ್ಲ. ಮತ್ತೆ ಯಾಕೆ ಹೋಗುತ್ತಾರೆ? ಅಮ್ಮನದೂ ಇದೇ ಪ್ರಶ್ನೆ.

ಆದರೆ ಕಾವ್ಯಳಿಗೆ ಹೋಗಲು ಕಾರಣವಿತ್ತು. ಆ ಡಬ್ಬಿ ಬಚ್ಚಿಟ್ಟವರು ಅವಳ ಅಪ್ಪ.

ಸಿದ್ದರಾಜಣ್ಣ ಮದ್ದೂರು–ಮಳವಳ್ಳಿ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಒಂದು ದಿನ ಬೆಂಗಳೂರಿನ ಇಬ್ಬರು ಹುಡುಗರು ಅವರ ಬಸ್ಸಿನಿಂದಿಳಿದು, ರಸ್ತೆ ಪಕ್ಕದ ಬೇಲಿಯೊಳಗೆ ಕೈ ಹಾಕಿ ತಡಕುತ್ತಿದ್ದರಂತೆ. "ಏನ್ರಪ್ಪಾ ಕಳ್ಕೊಂಡ್ರಿ?" ಅಂತ ಕೇಳಲು ಹೋದವರು ಆಟ ಕಲಿತು ವಾಪಸ್ ಬಂದರು. (ಅಷ್ಟು ಹೊತ್ತು ಬಸ್ಸಿನೊಳಗಿದ್ದ ಐವತ್ತು ಜನ ಏನು ಅಂದರೋ ಇತಿಹಾಸದಲ್ಲಿ ದಾಖಲಾಗಿಲ್ಲ.) ತಿಂಗಳೊಳಗೆ ತಮ್ಮ ಹಳೇ ಸ್ಟೀಲ್ ಊಟದ ಡಬ್ಬಿಯನ್ನೇ ಬಚ್ಚಿಟ್ಟರು. ಎಲ್ಲಿ? ಅದೇ ರೂಟಿನಲ್ಲಿ, ನಾಲೆಯಿಂದ ಗದ್ದೆಗೆ ನೀರು ಬಿಡುವ ಒಂದು ಹಳೇ ಕಲ್ಲಿನ ತೂಬಿನ ಹಿಂದೆ. ಯಾಕೆ ಅಲ್ಲೇ? ಡ್ರೈವರ್ ಬೀಡಿ ಸೇದಲು ದಿನಾ ಬಸ್ ನಿಲ್ಲಿಸುತ್ತಿದ್ದದ್ದು ಅಲ್ಲೇ ಅಂತೆ.

"ನೋಟ್‌ಬುಕ್ಕಿನ ಮೊದಲ್ನೇ ಹಾಳೇಲಿ ನಿಂಗೇ ಅಂತ ನಾಕ್ ಸಾಲು ಬರ್ದಿವ್ನಿ. ಪಿಯುಸಿಗೆ ಬಾ, ನೀನೇ ಹುಡ್ಕು. ಅಲ್ಲೀಗಂಟ ಏನು ಅಂತ ಕೇಳ್ಬ್ಯಾಡ" ಎಂದು ಮಗಳಿಗೆ ಹೇಳಿದ್ದರು.

ಅವಳು ಏನು ಅಂತ ಕೇಳಲಿಲ್ಲ. ಪಿಯುಸಿಗೆ ಬಂದಳು. ಅಷ್ಟರಲ್ಲಿ ಜ್ವರ ಅಂತ ಮಲಗಿದ ಸಿದ್ದರಾಜಣ್ಣ ಮತ್ತೆ ಏಳಲಿಲ್ಲ.

ಅಂದರೆ ಆ ಡಬ್ಬಿಯೊಳಗೆ, ಅವಳ ಅಪ್ಪ ಅವಳಿಗೆ ಹೇಳಿದ, ಅವಳು ಇನ್ನೂ ಕೇಳಿಸಿಕೊಳ್ಳದ ನಾಲ್ಕು ಸಾಲು ಇದ್ದವು.

ಹೋಗಲು ವರ್ಷ ಹಿಡಿಯಿತು. ಮೊದಲು ಅವರಮ್ಮ ಬೇಡ ಅಂದರು. ಆಮೇಲೆ ಅವರೇ "ಓಗಿ ನೋಡ್ಕೊಂಡ್ ಬಾ" ಅಂದರು. ರಸ್ತೆ ಅಗಲ ಮಾಡಲು ಆ ತೂಬನ್ನು ಒಡೆಯುತ್ತಾರೆ, ಜೆಸಿಬಿ ಬಂದು ನಿಂತಿದೆ ಅಂತ ಸುದ್ದಿಯಾಗಿತ್ತು. ಮಳೆ ನಿಂತ ಮೇಲೆ ನೋಡೋಣ ಅನ್ನುವ ಹಾಗಿರಲಿಲ್ಲ.

ಕಾವ್ಯಳ ಹತ್ತಿರ ಇರುವುದು ಬಟನ್ ಫೋನು. ನನ್ನ ಹತ್ತಿರ ಆ್ಯಪ್ ಇತ್ತು. ಜೊತೆಗೆ ಇಪ್ಪತ್ತಮೂರು ಡಬ್ಬಿ ಹುಡುಕಿದ ಎಕ್ಸ್‌ಪರ್ಟ್ ಎಂಬ ಖ್ಯಾತಿಯೂ ಇತ್ತು. (ಹುಡುಕಿದ್ದು ಒಂದು. ವಿ.ಸಿ. ಫಾರಂ ರಸ್ತೆಯಲ್ಲಿ. ಅದೂ ಸಿಕ್ಕಿದ್ದು ನನ್ನ ಮಾವನ ಮಗನಿಗೆ. ಖ್ಯಾತಿ ಹರಡಿದವಳು ನಾನೇ.)

ಎಕ್ಸ್‌ಪರ್ಟ್ ಅಂದಮೇಲೆ ಡ್ರೆಸ್ ಬೇಡವೇ?

ಆನ್‌ಲೈನಿನಲ್ಲಿ ತರಿಸಿದ ಬಿಳಿ ಜಾಕೆಟ್ಟು. ತಲೆಗೆ ಮುಂದಕ್ಕೆ ಚಾಚಿದ ದೊಡ್ಡ ಹುಡ್. ಕೆಳಗೆ ಜೀನ್ಸ್. ಅದರ ಕೆಳಗೆ ಆ ಇಬ್ಬರು ಹುತಾತ್ಮ ಶೂಗಳು. ಜಾಕೆಟ್ಟಿನ ಲೇಬಲ್ ಮೇಲೆ 'ವಾಟರ್ ರೆಸಿಸ್ಟೆಂಟ್' ಅಂತ ಇತ್ತು. ಅಂದರೆ ನೀರನ್ನು ವಿರೋಧಿಸುತ್ತದೆ ಅಷ್ಟೇ, ತಡೆಯುವುದಿಲ್ಲ. ನಾನು ಮ್ಯಾಥ್ಸನ್ನು ವಿರೋಧಿಸುವ ಹಾಗೆ.

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಕಾವ್ಯ ಕಾಯುತ್ತಿದ್ದಳು. ಮೊಣಕಾಲಿನ ತನಕ ಮಡಚಿದ ನೈಲಾನ್ ಪ್ಯಾಂಟು, ಹವಾಯಿ ಚಪ್ಪಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನಲ್ಲಿ ಟವೆಲ್ಲು ಮತ್ತು ಪೆನ್ನು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲೇ ಸಿಂಧು, ಮಳೇಲಿ ಓಗದು ಕಣೆ ನಾವು."

"ಅದಕ್ಕೇ ಜಾಕೆಟ್ ಹಾಕಿರೋದು."

"ಇದು ಮಳೆಗಲ್ಲ ಬುಡು. ಫೋಟೋಗೆ."

ಅವಳ ಆ ದಿನದ ಒಂದು ಮಾತು ಅಲ್ಲಿಗೆ ಖರ್ಚಾಯಿತು. ನಿಜ ಹೇಳಿ, ನಾವು ಮಳೆಗಾಲಕ್ಕೆ ಅಂತ ಕೊಳ್ಳುವುದರಲ್ಲಿ ಮಳೆಗೆ ಅಂತ ಎಷ್ಟಿರುತ್ತದೆ? ಫೋನಿಗೆ ಕವರ್ ಹಾಕುತ್ತೇವೆ, ಸ್ಕೂಟರ್ ಸೀಟಿಗೆ ಕವರ್ ಹಾಕುತ್ತೇವೆ, ಟಿವಿ ರಿಮೋಟಿಗೂ ಹಾಕುತ್ತೇವೆ. ಹಿಂದೆ ಕೂತ ಮಗು ಮಾತ್ರ ಸ್ಕೂಲ್ ಬ್ಯಾಗ್ ತಲೆ ಮೇಲಿಟ್ಟುಕೊಂಡು ನೆನೆಯುತ್ತಿರುತ್ತದೆ.

ಮಳವಳ್ಳಿ ಬಸ್ಸಿನಿಂದ ಇಳಿದಾಗ ಸಣ್ಣಗೆ ಹನಿಯುತ್ತಿತ್ತು. ಬಸ್ಸು ಈಗ ತೂಬಿನ ಹತ್ತಿರ ನಿಲ್ಲುವುದಿಲ್ಲ, ಸ್ಟಾಪಿನಿಂದ ಗದ್ದೆಯ ಅಡ್ಡದಾರಿ ಹಿಡಿದು ಹೋಗಬೇಕು. ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ನಾಟಿ ಹಾಕುತ್ತಿದ್ದರು. ಎಲ್ಲರ ತಲೆಯ ಮೇಲೂ ಕೊಪ್ಪೆ. ಗೊಬ್ಬರದ ಪ್ಲಾಸ್ಟಿಕ್ ಚೀಲದ ಒಂದು ಪಕ್ಕ ಬಿಚ್ಚಿ, ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಕೊಪ್ಪೆ. ತಲೆಯಿಂದ ಮೊಣಕಾಲಿನ ತನಕ ಬೆನ್ನಿಗೆ ಚಾವಣಿ. ಬಗ್ಗಿದರೆ ಎದೆಯ ಹತ್ತಿರ ಪುಟ್ಟದೊಂದು ಮನೆಯಾಗುತ್ತದೆ. ಎಲೆಅಡಿಕೆ ಚೀಲ, ಫೋನು ಎಲ್ಲಾ ಅಲ್ಲೇ. ಒಂದು ಹನಿಯೂ ಒಳಗೆ ಬರುವುದಿಲ್ಲ.

ಒಬ್ಬ ಅಜ್ಜಿ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದಳು.

"ಏನವ್ವಾ, ಯಾರ್ ಮದ್ವೆಗೆ ಬಂದೆ?"

"ಇಲ್ಲಜ್ಜಿ, ಒಂದು ಡಬ್ಬಿ ಹುಡುಕೋಕೆ."

"ಯಾರ್ ಡಬ್ಬಿ?"

"ನಮ್ಮಪ್ಪಂದು" ಅಂದಳು ಕಾವ್ಯ.

ಅಜ್ಜಿ ಈಗ ಅವಳ ಮುಖ ನೋಡಿದಳು. "ಕಂಡಕ್ಟ್ರು ಸಿದ್ರಾಜನ ಮಗಳಾ? ಮೂಗು ಅಂಗೇ ಅದೆ ಕಣವ್ವ. ಬಸ್ ನಿಂತಾಗೆಲ್ಲ ನನ್ತಾವ ಎಲೆಅಡ್ಕೆ ಈಸ್ಕೊಂಡ್ ಓಗೋನು. ಒಂದಿನಾನೂ ಸುಣ್ಣ ಸಾಕು ಅಂದೋನಲ್ಲ."

ಕಾವ್ಯ ನಕ್ಕಳು. ಅವತ್ತು ಅವಳು ನಕ್ಕಿದ್ದು ಅಷ್ಟೇ.

ಅಜ್ಜಿ ಬದುವಿನ ಮೇಲಿದ್ದ ಎರಡು ಕೊಪ್ಪೆ ತೋರಿಸಿದಳು. "ಮಳೆ ಜೋರಾಯ್ತದೆ. ತಕ್ಕೊಳಿ, ಆಕ್ಕೊಳಿ. ಓಗ್ವಾಗ ಮಡುಗ್ಬುಟ್ಟು ಓಗಿ."

ಕಾವ್ಯ ಒಂದು ಹಾಕಿಕೊಂಡಳು. ನಾನು? ಯೂರಿಯಾ ಚೀಲ ಹಾಕಿಕೊಂಡು ರೀಲ್ ಮಾಡಲೇ? ಅದರ ಮೇಲೆ 'ನಲವತ್ತೈದು ಕೆಜಿ' ಅಂತ ಬೇರೆ ಬರೆದಿರುತ್ತದೆ. ನನ್ನ ತೂಕ ಅಂದುಕೊಂಡರೆ ಲಾಭವೇ, ಆದರೂ ಬೇಡ ಅಂದೆ.

"ನಂಗೆ ಜಾಕೆಟ್ ಇದೆ ಅಜ್ಜಿ."

"ಊಂ, ಅದೆ ಬುಡು" ಎಂದು ಅಜ್ಜಿ ಮತ್ತೆ ಬಗ್ಗಿದಳು.

ಐದು ನಿಮಿಷ ಆಗಿಲ್ಲ, ಮಳೆ ಬಿತ್ತು. ಬಿತ್ತು ಅಂದರೆ ಯಾರೋ ಕನ್ನಂಬಾಡಿ ಕಟ್ಟೆಯನ್ನು ಎತ್ತಿ ನಮ್ಮ ಮೇಲೆ ಬೋರಲು ಹಾಕಿದ ಹಾಗೆ. ಜೀನ್ಸ್ ಕುಡಿಯಿತು. ಶೂ ಹೋಯಿತು. ನಾಲೆಯ ಏರಿ ಹತ್ತುವಾಗ ಕಾವ್ಯ ಜಾರಿ, ಕೆಸರಿನಲ್ಲಿ ಕೂತೇ ಕೆಳಗಿಳಿದಳು. ಚಪ್ಪಲಿ ಹುಡುಕುತ್ತಾ ನಿಂತಳು. ನಾನು ಒಂಟಿ ಶೂನಲ್ಲಿ ಮೇಲೆ ಹತ್ತಿದೆ. ತೂಬಿನ ಹಿಂದೆ ಒಂದು ಸಡಿಲ ಕಲ್ಲು. ಕಲ್ಲು ಸರಿಸಿದೆ. ಡಬ್ಬಿ!

"ಸಿಕ್ತು!" ಅಂತ ಕೂಗಿದೆ.

ಕೆಳಗಿನಿಂದ ಅವಳ ದನಿ ಬಂತು. "ತೆಗೀಬ್ಯಾಡ ಕಣೆ! ತಡಿ, ನಾನ್ ಬತ್ತೀನಿ! ಕೊಪ್ಪೆ ಒಳಗ್ ಇಟ್ಕೊಂಡ್ ತೆಗ್ಯಣ!"

ಕೇಳಿಸಿತು. ಮಳೆ ಸದ್ದಿಗೆ ಕೇಳಿಸಲಿಲ್ಲ ಅಂತ ಬರೆಯಬಹುದಿತ್ತು. ಚೆನ್ನಾಗಿ ಕೇಳಿಸಿತು.

ಆದರೆ ಮೊದಲು ತೆಗೆದವಳು ನಾನಾಗಬೇಕಿತ್ತು. ವಿಡಿಯೋದಲ್ಲಿ.

ಆ ಡಬ್ಬಿಗೆ ಸಿದ್ದರಾಜಣ್ಣ ತೊಡಿಸಿದ್ದ ಡ್ರೆಸ್ ನೀವು ನೋಡಬೇಕಿತ್ತು. ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಅದರೊಳಗೆ ದಪ್ಪ ಪ್ಲಾಸ್ಟಿಕ್ಕು, ಅದರೊಳಗೆ ಡಬ್ಬಿ, ಡಬ್ಬಿಯೊಳಗೆ ಇನ್ನೊಂದು ಕವರು, ಕವರಿನೊಳಗೆ ನೋಟ್‌ಬುಕ್ಕು. ಮೂರು ಮಳೆಗಾಲದಲ್ಲಿ ಒಂದು ತೊಟ್ಟು ನೀರೂ ಒಳಗೆ ಹೋಗಿರಲಿಲ್ಲ. ಹಾಳೆ ಗರಿಗರಿಯಾಗಿತ್ತು.

ಒಂದು ಕೈಯಲ್ಲಿ ಫೋನು. ಇನ್ನೊಂದರಲ್ಲಿ, ಹುಡ್ಡಿನ ಚಾಚಿನ ಅಡಿಯಲ್ಲಿ, ಬಿಚ್ಚಿದ ನೋಟ್‌ಬುಕ್ಕು. ಮೊದಲ ಹಾಳೆಯಲ್ಲಿ ನೀಲಿ ಇಂಕಿನ ನಾಲ್ಕು ಸಾಲು. ಕಂಡೆ. ಓದಲಿಲ್ಲ. ಸ್ಕ್ರೀನಿನಲ್ಲಿ ನನ್ನ ಕೂದಲು ಸರಿಯಿದೆಯಾ ಅಂತ ನೋಡುತ್ತಿದ್ದೆ.

"ಫ್ರೆಂಡ್ಸ್, ಡಬ್ಬಿ ನಂಬರ್ ಇಪ್ಪತ್ತನಾಲ್ಕು!" ಅಂದು, ಹಾಳೆ ನೋಡಲು ತಲೆ ಬಗ್ಗಿಸಿದೆ.

ಹುಡ್ಡಿನ ಚಾಚಿನಲ್ಲಿ ಒಂದು ಚೊಂಬು ನೀರು ನಿಂತಿತ್ತು. (ಇದನ್ನು ಭಾಗಿಸಬೇಡಿ.) ಬಗ್ಗಿಸಿದ ಕೂಡಲೇ ಅಷ್ಟೂ ನೇರವಾಗಿ ಹಾಳೆಯ ಮೇಲೆ ಸುರಿಯಿತು.

ಗಾಬರಿಯಲ್ಲಿ ತೋಳಿನಿಂದ ಒರೆಸಿದೆ. ಒರೆಸಬಾರದಿತ್ತು. ನಾಲ್ಕು ಸಾಲು ಸೇರಿ ಒಂದು ನೀಲಿ ಮೋಡವಾಯಿತು. ಉಳಿದದ್ದು ಬಿಳಿ ತೋಳಿಗೆ ಹತ್ತಿತು.

ಕಾವ್ಯ ಮೇಲೆ ಬಂದಳು. ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಕಲ್ಲಿನ ಮೇಲೆ ಕೂತು, ಕೊಪ್ಪೆಯೊಳಗೆ ಇಟ್ಟುಕೊಂಡು ಬಗ್ಗಿದಳು.

ಎರಡನೇ ಹಾಳೆಯಲ್ಲಿ ಬೆಂಗಳೂರಿನಿಂದಲೋ ಎಲ್ಲಿಂದಲೋ ಬಂದು ಹೋದವರ ಹೆಸರುಗಳಿದ್ದವು. ಬಾಲ್ ಪೆನ್ನಿನಲ್ಲಿ ಬರೆದಿದ್ದರು. ಒಂದಕ್ಷರವೂ ಹೋಗಿರಲಿಲ್ಲ. ಗುರುತಿಲ್ಲದ ಐದಾರು ಜನ ಅಲ್ಲಿ ಸುಖವಾಗಿದ್ದರು.

"ವಿಡಿಯೋ ಮಾಡ್ದಲ್ಲ, ಅದ್ರಲ್ಲಿ ಬಂದದಾ ನೋಡು" ಅಂದಳು.

ನೋಡಿದೆವು. ಹದಿನಾಲ್ಕು ಸೆಕೆಂಡು. ಹದಿನಾಲ್ಕೂ ಸೆಕೆಂಡು ನನ್ನ ಮುಖ.

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ನೀನ್ ಕಣ್ಣಲ್ಲಿ ನೋಡ್ದಲ್ಲ ಸಿಂಧು. ಏನ್ ಬರ್ದಿತ್ತು?"

ಓದಲಿಲ್ಲ ಕಣೆ, ನನ್ನ ಕೂದಲು ನೋಡ್ಕೋತಿದ್ದೆ. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಬಾಯಿ ಬರಲಿಲ್ಲ. ಆದರೆ ಹುಟ್ಟಿದಾಗಿನಿಂದ ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೇಳಿಯೇ ಬೆಳೆದವಳು ನಾನು. ಇಲ್ಲದ್ದನ್ನು ಹೇಳಲು ಎಷ್ಟು ಹೊತ್ತು?

"ಮಗಳೇ, ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಅಂತಿತ್ತು" ಅಂದೆ. ನೆನಪು ಮಾಡಿಕೊಳ್ಳುವ ಹಾಗೆ ಸ್ವಲ್ಪ ನಿಲ್ಲಿಸಿದೆ. "ಆಮೇಲೆ... ಚೆನ್ನಾಗಿ ಓದು. ಅಮ್ಮನ್ನ ನೋಡ್ಕೊ. ಯಾವುದಕ್ಕೂ ಹೆದರಬೇಡ."

ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ಹೇಳಿ ಮುಗಿಸಿದಾಗ ಚೆನ್ನಾಗಿ ಬಂತು ಅನ್ನಿಸಿತು.

ಕಾವ್ಯ ನೀಲಿ ಮೋಡದ ಮೇಲೆ ಬೆರಳಾಡಿಸಿದಳು.

"ಮಗಳೇ ಅಂತ ಬರ್ದಿತ್ತಾ?"

"ಹೂಂ."

"ನಮ್ಮಪ್ಪ ನನ್ನ ಒಂದಿನಾನೂ ಮಗಳೇ ಅಂದಿಲ್ಲ ಕಣೆ. ಅವ್ವ ಅಂತಿದ್ದ."

ಮಳೆ ಇನ್ನೂ ಸುರಿಯುತ್ತಿತ್ತು. ನಾನು ಬೈಗುಳಕ್ಕೆ ಕಾದೆ. ಹೊಡೆತಕ್ಕೂ ಸಿದ್ಧವಾಗಿದ್ದೆ. ಎರಡೂ ಬರಲಿಲ್ಲ. ಅವಳು ಪ್ಲಾಸ್ಟಿಕ್ ಕವರಿನಿಂದ ಪೆನ್ನು ತೆಗೆದಳು. ನೋಟ್‌ಬುಕ್ಕಿನ ಕೊನೆಯ, ನೆನೆಯದ ಹಾಳೆ ತಿರುಗಿಸಿದಳು. ಕೊಪ್ಪೆಯ ಒಂದು ಅಂಚು ಎತ್ತಿ, ನನ್ನ ತಲೆಯನ್ನೂ ಒಳಗೆ ಸೇರಿಸಿಕೊಂಡಳು.

"ಬರಿ."

"ಏನು?"

"ನೀನ್ ಈಗ ಏಳ್ದಲ್ಲ, ಅದೇ. ಮಗಳೇ ಬ್ಯಾಡ, ಅವ್ವ ಅಂತ ಆಕು." ಸ್ವಲ್ಪ ತಡೆದು ಅಂದಳು, "ಅಮ್ಮ ಬೆಳಗಿಂದ ಬಾಗ್ಲಲ್ಲೇ ಕುಂತವ್ಳೆ. ಏನ್ ಬರ್ದವ್ನೆ ಅಂತ ಓದಿ ಏಳ್ಬೇಕು ನಾನು."

ನಾನು ಬರೆಯತೊಡಗಿದೆ.

"ಅಪ್ಪನ ಅಕ್ಷರ ಎಡಕ್ ವಾಲ್ತಿತ್ತು" ಅಂದಳು. "ವಾಲ್ಸಿ ಬರಿ."

ವಾಲಿಸಿ ಬರೆದೆ. ನಾಲ್ಕೇ ಸಾಲು. ಜೀವನದಲ್ಲಿ ಮೊದಲ ಸಲ ಒಂದು ಪದವನ್ನೂ ಹೆಚ್ಚಿಗೆ ಸೇರಿಸಲು ಮನಸ್ಸಾಗಲಿಲ್ಲ. ಬರೆದು ಮುಗಿದ ಮೇಲೆ ಕೆಳಗೆ ಸಹಿ ಹಾಕುವಷ್ಟು ಜಾಗ ಉಳಿಯಿತು. ಕಾವ್ಯ ಪೆನ್ನನ್ನು ವಾಪಸ್ ಕೇಳಲಿಲ್ಲ.

ನೀವೇ ಹೇಳಿ, ಅಲ್ಲಿ ನಾನು ಯಾರ ಹೆಸರು ಬರೆಯಬೇಕಿತ್ತು?