ಐದನೆಯ ಚೀಟಿ

ಬೈರಿದೇವರಕೊಪ್ಪದ ಗಿರಿಯಪ್ಪ ಮಾಸ್ತರರು ಎಂಥ ಮಕ್ಕಳ ಬಾಯನ್ನೂ ಬಿಡಿಸುತ್ತಾರೆ ಎಂದು ಹೆಸರಾಗಿತ್ತು. ಶಾಲೆಯ ಮೊದಲ ದಿನ ಕಂಬ ತಬ್ಬಿಕೊಂಡು ನಿಂತು ತನ್ನ ಹೆಸರನ್ನೂ ಹೇಳಲೊಲ್ಲದ ಮಗು ಅವರ ಕೈಗೆ ಸಿಕ್ಕರೆ ಹದಿನೈದು ದಿನಗಳಲ್ಲಿ ಮಗ್ಗಿ ಒಪ್ಪಿಸುತ್ತಿತ್ತು. ಗಬ್ಬೂರಿನಿಂದಲೂ ಜನ ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ಮಾಸ್ತರರು ಗಲ್ಲ ಹಿಡಿದು "ಹಾಂ, ಹೇಳು" ಎಂದರೆ ಸಾಕು, ಮಗು ಹೇಳುತ್ತಿತ್ತು. ಇಂಥ ಮಹಾನುಭಾವರ ಸ್ವಂತ ಮಗಳು ಉಡಚವ್ವನಿಗೆ ಎಂಟು ತುಂಬಿತ್ತು; ಆಕೆ ಇನ್ನೂ "ಅಪ್ಪಾ" ಎಂದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಮಾಸ್ತರರು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅರ್ಥ ಹೇಳುತ್ತಿದ್ದರು. ಉದಾಹರಣೆ ಮಾತ್ರ ಕೊಡುತ್ತಿರಲಿಲ್ಲ.

ಹುಡುಗಿ ಕಿವುಡಿಯಲ್ಲ. ಗೋಡೆಯಾಚೆ ಯಾರಾದರೂ ಬಟ್ಟೆ ಹರಿದರೆ ಈಚೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಅವಳ ರೊಟ್ಟಿ ದುಂಡಗೆ, ಇಡಿಯಾಗಿ ಇರಬೇಕು. ಅಂಚು ಚೂರು ಮುರಿದಿದ್ದರೂ ಅವತ್ತು ಊಟವಿಲ್ಲ, ಓಣಿಗೆ ನಿದ್ದೆಯಿಲ್ಲ. ನೀರು ಬೇಕಾದರೆ ಬೆರಳು ತೋರಿಸುವವಳಲ್ಲ. ಹತ್ತಿರವಿದ್ದವರ ಮುಂಗೈ ಹಿಡಿದು ಒಯ್ದು ಕೊಡದ ಮೇಲೆ ಇಡುವಳು, ಅವರ ಮುಖವನ್ನಂತೂ ನೋಡಳು. ಈಗ ಇದಕ್ಕೆ ಆಟಿಸಂ ಎಂಬ ಒಂದೇ ಹೆಸರಿದೆ. ಆಗ ಹೆಸರುಗಳಿಗೇನೂ ಬರವಿರಲಿಲ್ಲ. ಒಬ್ಬರು ಗಾಳಿ ಎಂದರು, ಇನ್ನೊಬ್ಬರು ದೃಷ್ಟಿ ಎಂದರು, ಬಸುರಿಯಿದ್ದಾಗ ತಾಯಿ ಮುತ್ತವ್ವ ಗ್ರಹಣ ನೋಡಿದ್ದಳೆಂದು ಮತ್ತೊಬ್ಬರು ಕಣ್ಣಾರೆ ಕಂಡವರಂತೆ ಹೇಳಿದರು. ಹುಬ್ಬಳ್ಳಿಯ ಡಾಕ್ಟರರೊಬ್ಬರು ಟಾರ್ಚು ಹಾಕಿ ಗಂಟಲು ನೋಡಿ, "ನಾಲಿಗಿ ಛಲೋ ಅದ" ಎಂದು ಟಾನಿಕ್ ಬರೆದುಕೊಟ್ಟರು. ಉಡಚವ್ವನ ನಾಲಿಗೆ ಛಲೋ ಇದ್ದದ್ದು ನಿಜ. ಓಣಿಯವರದು ಇನ್ನೂ ಛಲೋ ಇತ್ತು.

ಮನೆಗೆ ಯಾರೇ ಬಂದರೂ ಮಾಸ್ತರರ ತಾಯಿ ಸಾವಕ್ಕ ಮೊದಲು ಮಾಡುತ್ತಿದ್ದ ಕೆಲಸ ಚಹಾಕ್ಕೆ ಇಡುವುದಲ್ಲ, ಮೊಮ್ಮಗಳನ್ನು ಹಿತ್ತಲಿನಿಂದ ಪಕ್ಕದ ಬಿಬಿಜಾನಳ ಮನೆಗೆ ದಾಟಿಸುವುದು. ಬಿಬಿಜಾನ ಕೌದಿ ಹೊಲಿದು ಬದುಕುವ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲ. ಅವಳ ಹಳೆಯ ಸೀರೆಗಳ ರಾಶಿಯ ಮೇಲೆ ಕುಳಿತು ಹುಡುಗಿ ಗಂಟೆಗಟ್ಟಲೆ ತೂಗಾಡುತ್ತಾ ಗುಂಯ್ ಎಂದು ರಾಗ ಎಳೆಯುತ್ತಿದ್ದಳು. ಹುಡುಗಿ ಇರುವಷ್ಟು ಹೊತ್ತು ಬಿಬಿಜಾನ ಬಟ್ಟೆ ಹರಿಯುತ್ತಿರಲಿಲ್ಲ. ಮಾಸ್ತರರು ಈ ವ್ಯವಸ್ಥೆಯನ್ನು ಕಂಡೂ ಕಾಣದಂತೆ ಇದ್ದರು. ಅವರೂ ಅಕ್ಷರ ಕಲಿತದ್ದು ಶಾಲೆಯ ಬಾಗಿಲ ಹೊರಗೆ ಕುಳಿತೇ. ಅವರ ಕೇರಿಯ ಹುಡುಗರಿಗೆ ಆಗ ಒಳಗೆ ಜಾಗವಿರಲಿಲ್ಲ. ಹೊರಗೆ ಕೂರಿಸುವುದು ಹೇಗೆಂದು ಅವರಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಅರವತ್ತೊಂದರ ಫೆಬ್ರುವರಿಯಲ್ಲಿ ಜನಗಣತಿ ಬಂತು. ಊರವರು ಅದನ್ನು ಖಾನೇಸುಮಾರಿ ಎನ್ನುತ್ತಿದ್ದರು. ಸರ್ಕಾರದ ಎಲ್ಲ ಕೆಲಸಗಳಂತೆ ಇದೂ ಶಾಲೆಯ ಮಾಸ್ತರರ ಹೆಗಲಿಗೇ ಬಿತ್ತು. ಗಿರಿಯಪ್ಪನವರ ಪಾಲಿಗೆ ಅವರ ಓಣಿಯೇ ಬಂದಿತು. ಒಬ್ಬ ಮನುಷ್ಯನಿಗೆ ಒಂದು ಚೀಟಿ. ಮಾಸ್ತರರು ಬೇವಿನ ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದರು.

"ನಿನ್ನೆ ಹುಟ್ಟಿದ ಕೂಸಿರಲಿ, ನಾಳೆ ಸಾಯೋ ಮುದುಕ ಇರಲಿ, ಒಬ್ಬರನ್ನೂ ಬಿಡಬ್ಯಾಡ್ರಿ. ನೀವು ಮನ್ಯಾಗ ಮುಚ್ಚಿಟ್ರ ದೇಶದ ಲೆಕ್ಕಾನ ತಪ್ಪತದ!"

ಎಲ್ಲರೂ ತಲೆಯಾಡಿಸಿದರು. ಸಾವಕ್ಕ ಮಾತ್ರ ಆಡಿಸಲಿಲ್ಲ. ಮನೆಗೆ ಬಂದ ಮಗನನ್ನು ಹೊಸ್ತಿಲಲ್ಲೇ ಹಿಡಿದಳು.

"ಗಿರಿಯಾ, ಉಡಚಿನ್ನ ಬರೀಬ್ಯಾಡ."

"ಯಾಕವ್ವಾ?"

"ಯಾಕ ಅಂತ ಕೇಳ್ತಿಯಲ್ಲ! ದುರಗಿ ಲಗ್ನ ಆಗೂದು ಬ್ಯಾಡೇನು? ಅಮ್ಮಿನಬಾವಿ ಹುಡುಗನ ಕಾಕಾ ಯಂಕಣ್ಣ ಕಚೇರ್ಯಾಗ ಸಿಪಾಯಿ ಅದಾನ. ಚೀಟಿ ಗಂಟ ಬಿಚ್ಚಾಂವ ಅವನ, ಕಟ್ಟಾಂವ ಅವನ. ನಮ್ಮ ಮನಿ ಚೀಟಿ ಬೀಗರಿಗೆ ಮುಟ್ಟಾಕ ಎಷ್ಟೊತ್ತು?"

ದುರಗವ್ವ ಮಾಸ್ತರರ ತಂಗಿ, ಇಪ್ಪತ್ತು ದಾಟಿದವಳು. ಸರ್ಕಾರ ನಲವತ್ತು ಚಿಲ್ಲರೆ ಕೋಟಿ ಜನರ ಚೀಟಿ ಕೂಡಿಸುತ್ತಿರುವುದು ಅವಳ ಮದುವೆ ಮುರಿಯಲಿಕ್ಕೇ ಎಂದು ಸಾವಕ್ಕನಿಗೆ ಖಾತ್ರಿಯಾಗಿತ್ತು. ಯಂಕಣ್ಣನಿಗೆ ಓದಲು ಬರುವುದಿಲ್ಲ ಎಂಬುದು ತಾಯಿಗೂ ಮಗನಿಗೂ ಹೊಳೆಯಲಿಲ್ಲ. ಮಾಸ್ತರರು ತಮ್ಮ ಮನೆಯ ಚೀಟಿ ಬರೆಯಲು ಕುಳಿತಾಗ, ಖಾನೇಸುಮಾರಿಯವರು ಬಂದರೆಂದು ಸಾವಕ್ಕ ಉಡಚವ್ವನನ್ನು ಹಿತ್ತಲಿನಿಂದ ದಾಟಿಸಿಯೇ ಬಿಟ್ಟಳು. ಬಂದವನು ಹುಡುಗಿಯ ಅಪ್ಪನೇ ಆದರೂ ಪದ್ಧತಿ ತಪ್ಪಬಾರದಲ್ಲ.

ಮಾಸ್ತರರು ನಾಲ್ಕು ಚೀಟಿ ಬರೆದರು. ಒಲೆಯ ಮುಂದೆ ಮುತ್ತವ್ವನ ರೊಟ್ಟಿ ಬಡಿಯುವ ಕೈ ನಿಂತಿತು.

"ನಾಕ ಆದ್ವೇನ್ರಿ?"

"ನಾಕ."

ಅವಳು ಮತ್ತೆ ಬಡಿಯತೊಡಗಿದಳು. ರೊಟ್ಟಿಯ ಮೇಲೆ ಬೀಳುತ್ತಿದ್ದ ಪೆಟ್ಟುಗಳು ಯಾರಿಗೆ ಸಲ್ಲಬೇಕಾದವು ಎಂಬುದು ಮಾಸ್ತರರಿಗೂ ತಿಳಿಯಿತು. ಚೀಲ ಹೆಗಲಿಗೇರಿಸಿ ಲಗುಬಗೆಯಿಂದ ಎದ್ದರು.

ಮುಂದಿನ ಮನೆ ಬಿಬಿಜಾನಳದು. ಸುಲಭದ ಮನೆ, ಒಂದೇ ಚೀಟಿ ಎಂದುಕೊಂಡು ಹೊಸ್ತಿಲ ಮೇಲೆ ಕುಳಿತರು. ಒಳಗೆ ಸೀರೆಗಳ ರಾಶಿಯ ಮೇಲೆ ಉಡಚವ್ವ ತೂಗಾಡುತ್ತಿದ್ದಳು. ಮಾಸ್ತರರು ಅತ್ತ ನೋಡಲಿಲ್ಲ.

"ಮನ್ಯಾಗ ಎಷ್ಟ ಮಂದಿ ಅದೀರಿ, ಬಿಬಿಜಾನಕ್ಕಾ?"

"ಇಬ್ಬರ್ರಿ ಮಾಸ್ತರ."

"ಇಬ್ಬರ?"

"ನಾ ಒಬ್ಬಾಕಿ, ಅಕಿ ಒಬ್ಬಾಕಿ." ಬಿಬಿಜಾನ ಸೂಜಿಯಿಂದ ತೋರಿಸಿದಳು. "ನಿಮ್ಮ ಮನ್ಯಾಗ ನಾಕ ಮಂದಿ ಅಂತ ಗ್ವಾಡ್ಯಾಚೆ ಕೇಳ್ತು. ಕೂಸು ಎಲ್ಲ್ಯಾರ ಒಂದ ಕಡೆ ಇರಬೇಕಲ್ರಿ? ಒಬ್ಬರನ್ನೂ ಬಿಡಬ್ಯಾಡ್ರಿ ಅಂತ ಕಟ್ಟಿ ಮ್ಯಾಲೆ ನಿಂತು ನೀವ ಹೇಳೀರಿ. ನಾ ಸರಕಾರಕ್ಕ ಅಂಜಾಕಿ. ಬರಕೋರಿ."

"ಹಂಗ ಸುಳ್ಳ ಬರಿಯಾಕ ಬರೂದಿಲ್ಲಕ್ಕಾ..."

"ಯಾಕ ಬರೂದಿಲ್ರಿ? ಈಗ ಬರದ ಬಂದೀರಲ್ಲ."

ಕಟ್ಟೆಯ ಮೇಲೆ ದೇಶದ ಲೆಕ್ಕ ಕಾಯುತ್ತಿದ್ದ ಮಾಸ್ತರರು ತೆಪ್ಪಗೆ ಎರಡನೆಯ ಚೀಟಿ ತೆಗೆದರು. ಹೆಸರು ಉಡಚವ್ವ. ವಯಸ್ಸು ಎಂಟು. ಮನೆಯ ಮುಖ್ಯಸ್ಥರಿಗೆ ಸಂಬಂಧ, ಮಗಳು. ಓದು ಬರಹ ಇಲ್ಲ ಎಂಬುದನ್ನು ಮಾಸ್ತರರು ತಮ್ಮ ಸುಪ್ರಸಿದ್ಧ ದುಂಡು ಅಕ್ಷರಗಳಲ್ಲಿ ಬರೆದರು. ಆಮೇಲೆ ಮಾತೃಭಾಷೆ. ಅದಕ್ಕೆ ತರಬೇತಿಯಲ್ಲಿ ಒಂದು ನಿಯಮ ಹೇಳಿಕೊಟ್ಟಿದ್ದರು: ಎಳೆಗೂಸುಗಳಿಗೂ ಮಾತು ಬಾರದವರಿಗೂ ತಾಯಿಯ ಭಾಷೆಯನ್ನೇ ಬರೆಯಬೇಕು.

"ತಾಯಿ ಮಾತು ಹಾಕಬೇಕ್ರೆಕ್ಕಾ."

"ತಾಯಿ ನಾ ಅಂದ ಮ್ಯಾಲೆ ಉರ್ದು. ಹಾಕ್ರಿ."

ಪೆನ್ನು ನಿಂತಿತು. ಉರ್ದುವಿನ ಮೇಲೆ ಮಾಸ್ತರರಿಗೆ ಸಿಟ್ಟೇನೂ ಇರಲಿಲ್ಲ. ಅರ್ಧ ಹುಬ್ಬಳ್ಳಿ ಪೇಟೆಯೊಡನೆ ಅವರು ಆ ಭಾಷೆಯಲ್ಲೇ ಚೌಕಾಸಿ ಮಾಡಿದ್ದರು. ಆದರೆ ಅವರಿಗೆ ಮುತ್ತವ್ವ ನೆನಪಾದಳು. ಎಂಟು ವರ್ಷ ಆಕೆ ಮಗಳ ಜೊತೆ ಒಬ್ಬಳೇ ಮಾತಾಡಿದ್ದಳು. ಜೋಳ ಕೇರುವಾಗ, ತಲೆ ಹಿಕ್ಕುವಾಗ, ಇದು ಮೊರ, ಇದು ಜ್ವಾಳ, ಇದು ನಿನ್ನ ಮೂಗು ಎಂದು ಹೇಳುತ್ತಲೇ ಇದ್ದಳು. ಒಂದಕ್ಕೂ ಮರುಮಾತು ಬಂದಿರಲಿಲ್ಲ. ಬಾಯಿ ಬಿಡಿಸುವ ಮಾಸ್ತರರು ಎರಡೇ ತಿಂಗಳಿಗೆ ಪಾಟಿ ಮೂಲೆಗೆಸೆದು ಕೈತೊಳೆದುಕೊಂಡಿದ್ದರು. ಆಕೆ ಬಿಟ್ಟಿರಲಿಲ್ಲ. ಆ ಮಾತಿಗೆಲ್ಲ ಈಗ ಒಂದು ಚೀಟಿಯಲ್ಲಿಯೂ ಜಾಗವಿಲ್ಲ ಎಂದು ಹೊಳೆದಾಗ ಮಾಸ್ತರರಿಗೆ ಮೈ ಬೆವರುವಷ್ಟು ನಾಚಿಕೆಯಾಯಿತು.

ಚೀಟಿ ಹಿಡಿದುಕೊಂಡೇ ಎದ್ದು ಒಳಗೆ ಹೋಗಿ ಮಗಳ ಮುಂದೆ ಕೈ ಚಾಚಿದರು. ಆಕೆ ಎಂದಿನಂತೆ ಮುಖ ನೋಡದೆ ಮುಂಗೈ ಹಿಡಿದಳು. ಇಬ್ಬರೂ ಹಿತ್ತಲ ದಾರಿ ಬಿಟ್ಟು ಓಣಿಯ ಬಾಗಿಲಿನಿಂದ ಹೊರಟರು.

"ಮತ್ತ ನನ್ನ ಮನಿ ಲೆಕ್ಕಾ?" ಬಿಬಿಜಾನ ಕೂಗಿದಳು.

"ನೀವೊಬ್ಬರ ಅಕ್ಕಾ."

"ಹಂಗಂದ್ರ ಲೆಕ್ಕ ಬರೋಬ್ಬರಿ ಆತು ಬಿಡ್ರಿ." ಆಕೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಬಹಳ ಹೊತ್ತು ಪೋಣಿಸಿಕೊಳ್ಳಲಿಲ್ಲ.

ಮನೆಯಲ್ಲಿ ಸಾವಕ್ಕ ಎದೆ ಬಡಿದುಕೊಂಡಳು. "ದುರಗಿ ಲಗ್ನ ಮುರೀತು, ತಿಳಕೋ!" ದುರಗವ್ವ ಮೂಲೆಯಲ್ಲಿ ಕುಳಿತು ಅತ್ತಳು.

ಮುದುಕಿಯ ಮಾತು ಸುಳ್ಳಾಗಲಿಲ್ಲ. ಆದರೆ ಅದಕ್ಕೆ ಚೀಟಿ ಕಾರಣವಾಗಲಿಲ್ಲ. ಬೀಗರು ಕನ್ಯೆ ನೋಡಲು ಬಂದ ದಿನ ಮಾಸ್ತರರು ಮಗಳನ್ನು ದಾಟಿಸಲು ಬಿಡಲಿಲ್ಲ. ಆಕೆ ನೆಟ್ಟಗೆ ಬಂದು ಯಂಕಣ್ಣನ ಮುಂಗೈ ಹಿಡಿದು ಎಳೆದೊಯ್ದು ಕೊಡದ ಮೇಲೆ ಇಟ್ಟಳು. ಅವರು ಚಹಾ ಕುಡಿದು ಎದ್ದವರು ಮತ್ತೆ ಬರಲಿಲ್ಲ. ದುರಗವ್ವ ಅಣ್ಣನ ಜೊತೆ ಒಂದು ವರ್ಷ ಮಾತು ಬಿಟ್ಟಳು. ಮಾತಿಲ್ಲದವರ ಸಂಖ್ಯೆ ಮನೆಯಲ್ಲಿ ಎರಡಾಯಿತು. ಅರವತ್ಮೂರರಲ್ಲಿ ಗಬ್ಬೂರಿನ ಗೋವಿಂದಪ್ಪ ಬಂದು, ಉಡಚವ್ವನನ್ನು ನೋಡಿ, "ಕಚ್ಚತಾಳೇನ್ರಿ?" ಎಂದಷ್ಟೇ ಕೇಳಿದ.

"ಇಲ್ರಿ."

"ನಮ್ಮವ್ವ ಕಚ್ಚತಾಳ್ರಿ, ಅದಕ್ಕ ಕೇಳಿದೆ."

ದುರಗವ್ವ ಒಳಗಿನಿಂದ ನಕ್ಕಳು. ಲಗ್ನವಾಯಿತು.

ಅದೆಲ್ಲ ಮುಂದಿನ ಮಾತು. ಖಾನೇಸುಮಾರಿಯ ಆ ದಿನ ಮಾಸ್ತರರು ಒಲೆಯ ಪಕ್ಕದಲ್ಲೇ ಕುಳಿತು ಚೀಟಿಯ ಮೇಲಿದ್ದ ಬಿಬಿಜಾನಳ ಮನೆಯ ನಂಬರು ಹೊಡೆದುಹಾಕಿ ತಮ್ಮದನ್ನು ಬರೆದರು. ಸಂಬಂಧ ಮಗಳು ಎಂದಿತ್ತು, ಅದನ್ನು ತಿದ್ದಬೇಕಾಗಿರಲಿಲ್ಲ. ಅಷ್ಟರಲ್ಲಿ ಉಡಚವ್ವ ಪೆನ್ನು ಸಮೇತ ಅವರ ಕೈ ಹಿಡಿದು ಕೊಡದ ಕಡೆ ಎಳೆದಳು. ಮಾಸ್ತರರು ಎದ್ದು ನೀರು ಕೊಟ್ಟು ಬಂದು, ಮಾತೃಭಾಷೆ ಎಂಬಲ್ಲಿ ಕನ್ನಡ ಎಂದು ಬರೆದರು.

"ಏನ ಬರದ್ರಿ? ಓದ್ರಿ," ಎಂದಳು ಮುತ್ತವ್ವ.

ಅವರು ಮೊದಲಿನಿಂದ ಕೊನೆಯವರೆಗೆ ಓದಿದರು, ತಾಯಿಯ ಭಾಷೆ ಬರೆಯಬೇಕೆಂಬ ನಿಯಮವನ್ನೂ ಹೇಳಿದರು. ಮುತ್ತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು; ಹೊಗೆ ಎನ್ನಲು ಒಲೆಯಲ್ಲಿ ಬರೀ ಕೆಂಡವಿತ್ತು.

"ಎಂಟ ವರ್ಷ ಒಬ್ಬಾಕಿನ ಮಾತಾಡೀನ್ರಿ. ಸರಕಾರಕ್ಕರ ಕೇಳಸ್ಲಿ." ಕೆಂಡ ಕೆದಕಿ ಕೇಳಿದಳು, "ಈಗ ಎಷ್ಟ ಆದ್ವು?"

"ಐದ."

ಮುತ್ತವ್ವ ಹಂಚಿನ ಮೇಲಿನ ರೊಟ್ಟಿಯನ್ನು ಅಂಚು ಮುರಿಯದಂತೆ ಮಗುಚಿ ಹಾಕಿದಳು.