ಅರ್ಧ ನೀಲಿಯ ಚುಕ್ಕೆ

ನನ್ನ ಬೀಗರ ಅಡ್ಡಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಹರಡಿತು, ಈಗ ಎಲ್ಲಿ ಉಳಿದಿದೆ ಎಂಬುದನ್ನು ನಾನು ಹುಡುಕಿ, ಕೈಯಾರೆ ನಕಾಶೆ ಬರೆದು ಕೊಟ್ಟೆ. ಅವರಾದರೋ, ನನ್ನ ಮಗಳನ್ನೂ ನನ್ನ ಹೆಂಡತಿಯನ್ನೂ ಕೂಡಿಕೊಂಡು, ಮೊಮ್ಮಗಳಿಗೆ ಕೊಡುತ್ತೇವೆಂದು ಮಾತು ಕೊಟ್ಟಿದ್ದ ನನ್ನ ಅಡ್ಡಹೆಸರನ್ನು ಕೊಡಲಿಲ್ಲ. ಕೊಟ್ಟಿದ್ದೇವೆಂದು ಆರು ವರ್ಷ ನನ್ನನ್ನು ನಂಬಿಸಿದರು. ನನಗಾದ ಅನ್ಯಾಯ ಇಷ್ಟೇ. ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯಲು ಬಿಡುವುದೂ ಇಲ್ಲ.

ಎರಡು ಅಡ್ಡಹೆಸರುಗಳನ್ನೂ ಇಲ್ಲಿ ಬರೆಯುವುದಿಲ್ಲ. ಅವರದನ್ನು ಬರೆದರೆ ಆ ಹೆಸರಿಗೆ ಇನ್ನೊಂದು ಜಾಗ ಸಿಕ್ಕಂತಾಗುತ್ತದೆ; ಆ ಸೇವೆಯನ್ನು ನಾನು ಬೇಕಾದಷ್ಟು ಮಾಡಿಯಾಗಿದೆ. ನನ್ನದನ್ನು ಬರೆದರೆ, ಅದಕ್ಕೆ ಉಳಿದಿರುವ ಜಾಗ ಈ ಕಾಗದ ಮಾತ್ರ ಎಂದು ಒಪ್ಪಿಕೊಂಡಂತಾಗುತ್ತದೆ.

ಧಾರವಾಡದ ಕಡೆಯವರಿಗೆ ಅಡ್ಡಹೆಸರಿನ ಸಂಗತಿ ವಿವರಿಸಬೇಕಾಗಿಲ್ಲ. ಮನೆತನ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದಿಲ್ಲ, ಊರು ಇಡುತ್ತದೆ. ಮಾಡುವ ಕಸುಬು, ಮಾರುವ ಸರಕು, ಬಿಟ್ಟುಬಂದ ಹಳ್ಳಿ, ಯಾವುದೂ ಹೆಸರಾಗಬಹುದು. ನಮ್ಮದು ಒಂದು ಅವಮಾನದಿಂದ ಹುಟ್ಟಿದ ಹೆಸರು. ನನ್ನ ಮುತ್ತಜ್ಜನ ಅಜ್ಜನನ್ನು ಒಂದು ಮದುವೆಯ ಊಟದಲ್ಲಿ ಮೊದಲ ಪಂಕ್ತಿಯಿಂದ ಎಬ್ಬಿಸಿ, ಎರಡನೆಯದಕ್ಕೆ ಕೂಡಲು ಹೇಳಿದರಂತೆ. ಅವನು ಎರಡನೆಯದಕ್ಕೆ ಕೂಡಲೂ ಇಲ್ಲ, ಎದ್ದು ಊರಿಗೆ ಹೋಗಲೂ ಇಲ್ಲ. ಹಂದರದ ಕಂಬಕ್ಕೆ ಒರಗಿ, ಹೆಗಲ ಮೇಲಿನ ವಲ್ಲಿಯ ಗಂಟು ಬಿಚ್ಚಿ, ದಾರಿಗೆಂದು ಕಟ್ಟಿಕೊಂಡು ಬಂದಿದ್ದ ತಿನಿಸನ್ನು ಎಲ್ಲರ ಎದುರಿಗೆ ಒಂದೊಂದೇ ಕಾಳಾಗಿ ತಿಂದು ಮುಗಿಸಿದ. ಅಂದಿನಿಂದ ಆ ತಿನಿಸಿನ ಹೆಸರೇ ನಮ್ಮ ಮನೆಗೆ ಅಂಟಿತು. ನಕ್ಕವರು ಮರೆತರು, ನಾವು ಅದನ್ನೇ ಬಾಗಿಲ ಮೇಲೆ ಬರೆಸಿದೆವು.

ಹೀಗೆ ಹುಟ್ಟಿದ ಹೆಸರು ಎಂದೂ ಒಂದು ಓಣಿ ದಾಟಿ ಬೆಳೆಯಲಿಲ್ಲ. ನನ್ನ ತಮ್ಮನ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಅಲ್ಲಿಯ ಪದ್ಧತಿಯಂತೆ ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡು ಅಡ್ಡಹೆಸರನ್ನು ಬಿಟ್ಟರು. ದಾಯಾದಿಗಳ ಇನ್ನೊಂದು ಮನೆ ಊರಿನ ಹೆಸರಿಗೆ ‘ಕರ’ ಹಚ್ಚಿಕೊಂಡು ದೊಡ್ಡದಾಯಿತು. ಉಳಿದವನು ನಾನು. ನನಗೆ ಒಬ್ಬಳೇ ಮಗಳು. ಅವಳು ಇಲ್ಲಿ, ಟೊರಾಂಟೊ ಬಳಿಯ ಜಾರ್ಜ್‌ಟೌನಿನ ಒಂದು ಇಂಗ್ಲಿಷ್ ಮನೆತನದ ಹುಡುಗನನ್ನು ಮದುವೆಯಾದಾಗ ನಾನು ಕೇಳಿದ್ದು ಒಂದೇ ಮಾತು. ಮಕ್ಕಳಾದರೆ ಎರಡೂ ಅಡ್ಡಹೆಸರು ಇರಬೇಕು. ಬೀಗರು ಊಟದ ಮೇಜಿನಿಂದ ಎದ್ದು ಬಂದು ನನ್ನ ಕೈ ಹಿಡಿದು ಒಪ್ಪಿದರು. ಮಗಳು ‘ಎರಡೂ ಇರ್ಲಿ ಅಪ್ಪಾ, ಅದಕ್ಕೇನೈತಿ’ ಎಂದಳು.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ್ದು ಮಿಲ್ಟನ್ನಿನಲ್ಲಿ, ಮಗಳ ಹೊಸ ಮನೆಯ ಬೇಸ್‌ಮೆಂಟಿನಲ್ಲಿ. ಹೊರಗೆ ಹಿಮ ಮೊಣಕಾಲವರೆಗೆ ಇತ್ತು. ಗುಗ್ಗರಿ ಮಾಡಿದ್ದೆವು. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು: ಅವಳು ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಳಿಯನ ಅಕ್ಕ ಎತ್ತರದ ಹೆಂಗಸು. ತೊಟ್ಟಿಲ ಮೇಲೆ ಬಾಗಲು ಅವಳು ಮೊಣಕಾಲೂರಬೇಕಾಯಿತು.

‘ನಾನು ತಪ್ಪು ಹೇಳಿದರೆ ಮಗು ಅಳುತ್ತದೆಯೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಪಕ್ಕದಲ್ಲಿದ್ದ ಬೆಳಗಾವಿಯ ಹೆಂಗಸೊಬ್ಬಳು, ‘ಅಳೂದು ಕೂಸಲ್ಲ, ನೀವು. ನಾವು ಗುದ್ದಿದ ಮ್ಯಾಲೆ’ ಎಂದಳು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಬೇಸ್‌ಮೆಂಟು ತುಂಬ ನಗೆ.

‘ಸಾವಕಾಶ ಹೇಳವಾ, ಎರಡೂ ಅಡ್ಡಹೆಸರು ಹೇಳು, ನಮ್ಮ ಮನಿಯವರು ಕೇಳಾಕತ್ತಾರ’ ಎಂದಳು ನನ್ನ ಹೆಂಡತಿ; ಮಗಳು ಅದನ್ನೂ ತಿರುಗಿಸಿದಳು. ಈ ಮಾತನ್ನು ನೆನಪಿಡಬೇಕು. ಇದನ್ನು ಹೇಳಿದವಳು ನನ್ನ ಹೆಂಡತಿಯೇ.

ಆ ಹೆಣ್ಣುಮಗಳು ಕುರ್ರ್ ಎಂದಳು. ಹೆಸರು ಹೇಳಿದಳು. ಆಮೇಲೆ ನನ್ನ ಅಡ್ಡಹೆಸರು, ನಾಲಿಗೆ ಮಡಚಬೇಕಾದಲ್ಲಿ ಮಡಚಿ, ಸ್ಪಷ್ಟವಾಗಿ. ಆಮೇಲೆ ಅವರದು. ಗುದ್ದುಗಳು ಬಿದ್ದವು. ಎಲ್ಲರೂ ನಕ್ಕರು. ನನ್ನ ಮಟ್ಟಿಗೆ ಆ ಕೂಸಿಗೆ ಹೆಸರಾಯಿತು. ಇನ್ನು ಯಾವ ಕಾಗದವನ್ನೂ ನಾನು ಕೇಳಲಿಲ್ಲ. ತೊಟ್ಟಿಲಲ್ಲಿ ನಾಲ್ಕು ಜನರ ಎದುರಿಗೆ ಸೋದರತ್ತೆ ಹೇಳಿದ ಹೆಸರನ್ನು ಕಾಗದ ತೋರಿಸಿ ಎಂದು ಪರೀಕ್ಷಿಸುವವನು ನಮ್ಮ ಕಡೆ ಮನುಷ್ಯನೆನಿಸಿಕೊಳ್ಳುವುದಿಲ್ಲ.

ಮೊಮ್ಮಗಳು ನಡೆಯಲು ಕಲಿತ ವರ್ಷ ಬೀಗರು ರೆಕ್ಸ್‌ಡೇಲಿನ ನಮ್ಮ ಮನೆಗೆ ಬಂದರು. ನಾನು ಊರಿನಲ್ಲಿದ್ದಾಗ ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ರೆಕ್ಸ್‌ಡೇಲಿನ ಒಂದು ಕಾರ್ಖಾನೆಯಲ್ಲಿ ತಗಡಿನ ಭಾಗಗಳ ನಕ್ಷೆ ಬರೆದು ನಿವೃತ್ತನಾದೆ. ಬೀಗರಿಗೆ ಅದು ಗೊತ್ತಿತ್ತು. ತಮ್ಮ ಅಡ್ಡಹೆಸರು ಬಹಳ ಅಪರೂಪದ್ದು, ಕುದುರೆಯೇರಿ ಸಮುದ್ರದಾಚೆಯಿಂದ ಬಂದ ಸರದಾರನೊಬ್ಬನದು ಎಂದು ತಮ್ಮ ಅಜ್ಜಿ ಹೇಳುತ್ತಿದ್ದಳೆಂದರು. ಅದು ಎಲ್ಲೆಲ್ಲಿ ಹರಡಿದೆಯೆಂದು ಒಂದು ನಕಾಶೆ ಮಾಡಿಕೊಡಬಹುದೇ ಎಂದು ಕೇಳಿದರು. ‘ಇದು ನಮ್ಮ ಮೊಮ್ಮಗಳ ಹೆಸರೂ ಹೌದಲ್ಲ’ ಎಂದರು. ಆ ಮಾತಿನಿಂದಲೇ ನಾನು ಒಪ್ಪಿದೆ.

ನಾನು ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಗ್ರಂಥಾಲಯದಲ್ಲಿ ಕೂತು ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ತಿರುವಿದೆ. ಇಂಗ್ಲೆಂಡಿನ ಹಳೆಯ ಜನಗಣತಿಯನ್ನೂ ಚರ್ಚಿನ ದಾಖಲೆಗಳನ್ನೂ ಕಂಪ್ಯೂಟರಿನಲ್ಲಿ ನೋಡಲು ಕಲಿತೆ. ಜಾರ್ಜ್‌ಟೌನಿನ ಸ್ಮಶಾನದಲ್ಲಿ ಹಾವಸೆ ಕೆರೆದು ಕಲ್ಲುಗಳನ್ನು ಓದಿದೆ. ಸರದಾರ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದು ಯಾರ್ಕ್‌ಷೈರಿನ ಒಂದು ಗುಡ್ಡದ ಇಳಿಜಾರಿನಲ್ಲಿದ್ದ ಒಂಟಿ ಹೊಲಮನೆ. ಆ ಜಾಗದ ಹೆಸರಿನ ಹಳೆಯ ಅರ್ಥ ಕೆಸರಿನ ತಗ್ಗು. ಅಲ್ಲಿದ್ದವನಿಗೆ ಅದೇ ಅಡ್ಡಹೆಸರಾಯಿತು. ಬಹಳ ಕಾಲ ಆ ಹೆಸರಿನವರೆಲ್ಲ ಒಂದೇ ಚರ್ಚಿನ ಗಂಟೆ ಕೇಳುವಷ್ಟು ದೂರದೊಳಗೇ ಇದ್ದರು. ಆಮೇಲೆ ಉಣ್ಣೆಯ ಗಿರಣಿಗಳು ಬಂದಾಗ ಹೊಳೆಯ ಜಾಡು ಹಿಡಿದು ಕೆಳಗಿನ ಊರುಗಳಿಗೆ ಇಳಿದರು. ಒಂದು ಕವಲಿಗೆ ಗಂಡುಮಕ್ಕಳಾಗದೆ ಹೆಸರು ನಿಂತಿತು. ಇನ್ನೊಂದು ಕವಲಿನವನು ಜಾರ್ಜ್‌ಟೌನಿನ ಕಾಗದದ ಗಿರಣಿಗೆ ಕೆಲಸಕ್ಕೆ ಬಂದ. ಅವನೇ ಬೀಗರ ಮೂಲಪುರುಷ. ಮೊದಲಿನ ಹೊಲಮನೆ ಈಗ ಜಲಾಶಯದ ಕೆಳಗಿದೆ. ಹುಟ್ಟಿದ ಕಣಿವೆಯಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲ. ಜಾರ್ಜ್‌ಟೌನಿನಿಂದ ಟೊರಾಂಟೊಗೆ ಹೋಗುವ ರೈಲುದಾರಿಯ ಗುಂಟ ಇರುವಷ್ಟು ಮತ್ತೆಲ್ಲಿಯೂ ಇಲ್ಲ.

‘ಕೆಸರೇ? ಬೇರೆ ಅರ್ಥ ಬರುವುದಿಲ್ಲವೇ?’ ಎಂದರು ಬೀಗರು.

‘ಇಲ್ಲ.’

‘ನಕಾಶೆಯಲ್ಲಿ ಅರ್ಥ ಬರೆಯಲೇಬೇಕೆಂದೇನೂ ಇಲ್ಲವಲ್ಲ?’

‘ನಮ್ಮ ಮನೆತನಕ್ಕೆ ವಲ್ಲಿಯ ಗಂಟು, ನಿಮ್ಮದಕ್ಕೆ ಕೆಸರು. ಕೂಸಿಗೆ ಒಳ್ಳೆಯ ಜೋಡಿ ಸಿಕ್ಕಿದೆ’ ಎಂದೆ.

ಅವರು ನಕ್ಕು ನನ್ನ ಭುಜ ತಟ್ಟಿದರು. ಆಗಲಾದರೂ ಅವರು ನಿಜ ಹೇಳಬಹುದಿತ್ತು. ಹೇಳಲಿಲ್ಲ.

ನಕಾಶೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆದೆ. ಒಂದು ಮನೆಗೆ ಒಂದು ಕೆಂಪು ಚುಕ್ಕೆ. ಹಳೆಯ ಕಾಲದ ಚುಕ್ಕೆಗಳು ಕಣಿವೆಯಲ್ಲಿ ಗುಂಪಾಗಿ, ನಡುಗಾಲದವು ಹೊಳೆಯ ದಂಡೆಗೆ, ಈಗಿನವು ಪಕ್ಕಕ್ಕೆ ಜೋಡಿಸಿದ ಈ ದೇಶದ ಹಾಳೆಯಲ್ಲಿ. ಮಿಲ್ಟನ್ನಿನ ಚುಕ್ಕೆಯನ್ನು ಮಾತ್ರ ಅರ್ಧ ಕೆಂಪು, ಅರ್ಧ ನೀಲಿ ಮಾಡಿದೆ. ನೀಲಿ ನಮ್ಮ ಮನೆತನದ್ದು. ಇಡೀ ನಕಾಶೆಯಲ್ಲಿ ಅದೊಂದೇ ನೀಲಿ. ನಾನು ಅದನ್ನು ತುಂಬುತ್ತಿದ್ದಾಗ ಹೆಂಡತಿ ಬೆನ್ನ ಹಿಂದೆ ಬಂದು ನಿಂತಳು.

‘ಆ ನೀಲಿ ಯಾಕ್ರಿ? ಅವರ ನಕಾಶೆ, ಅವರ ಬಣ್ಣ ಸಾಕಿತ್ತು.’

‘ಕೂಸಿಗೆ ಎರಡು ಹೆಸರಿಲ್ಲೇನು?’

ಅವಳು ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂದು ಒಳಗೆ ಹೋದಳು. ಹಾಲು ಉಕ್ಕಿದ ಸಪ್ಪಳವೂ ಇಲ್ಲ, ವಾಸನೆಯೂ ಇಲ್ಲ. ನಾನು ಅದನ್ನು ಅಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಈಗ ಹಿಡಿದಿದ್ದೇನೆ.

ಕಳೆದ ಬೇಸಿಗೆಯಲ್ಲಿ ಬೀಗರು ತಮ್ಮ ಅಡ್ಡಹೆಸರಿನವರನ್ನೆಲ್ಲ ಜಾರ್ಜ್‌ಟೌನಿನ ಒಂದು ಪಾರ್ಕಿಗೆ ಕರೆದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಸಿದ್ದರು. ನನಗೂ ಹೆಂಡತಿಗೂ ಅದು ಇರಲಿಲ್ಲ. ಇರಲಿ, ನಾವು ಆ ಹೆಸರಿನವರಲ್ಲ. ಹೆಂಡತಿ ಶೇಂಗಾ ಹೋಳಿಗೆ ಒಯ್ದಿದ್ದಳು. ನಾನು ಕೊಟ್ಟ ಪ್ರತಿಯಿಂದ ನನ್ನ ನಕಾಶೆಯನ್ನು ದೊಡ್ಡದಾಗಿ ಅಚ್ಚು ಮಾಡಿಸಿ, ಕಟ್ಟು ಹಾಕಿಸಿ ನಿಲ್ಲಿಸಿದ್ದರು. ಹೆಸರಿನ ಅರ್ಥವೆಂದು ನಾನು ಬರೆದಿದ್ದ ಕೆಸರಿನ ಸಾಲು ಇರಲಿಲ್ಲ. ಅದನ್ನು ನಾನು ದೂರದಿಂದಲೇ ಗಮನಿಸಿದೆ. ಹತ್ತಿರ ಹೋದಾಗ ಮಿಲ್ಟನ್ನಿನ ಚುಕ್ಕೆ ಪೂರ್ತಿ ಕೆಂಪಾಗಿತ್ತು.

‘ಅಚ್ಚಿನಲ್ಲಿ ಒಂದು ತಪ್ಪಾಗಿದೆ’ ಎಂದು ಬೀಗರಿಗೆ ತೋರಿಸಿದೆ.

ಅವರು ಕನ್ನಡಕ ಸರಿಮಾಡಿಕೊಂಡರು. ‘ಒಂದೇ ಬಣ್ಣವಿದ್ದರೆ ಅಚ್ಚುಕಟ್ಟಾಗಿ ಕಾಣುತ್ತದೆಂದು ಹಾಗೆ ಮಾಡಿಸಿದೆವು’ ಎಂದು, ಇನ್ಯಾರನ್ನೋ ಮಾತಾಡಿಸಲು ಹೋದರು.

ಊಟಕ್ಕೆ ಮೊದಲು ಒಬ್ಬೊಬ್ಬರೂ ನಕಾಶೆಯ ಬಳಿ ಹೋಗಿ, ತಮ್ಮ ಪೂರ್ತಿ ಹೆಸರು ಹೇಳಿ, ತಮ್ಮ ಊರಿನ ಮೇಲೆ ಬೆರಳಿಡಬೇಕಾಗಿತ್ತು. ಎಲ್ಲರಿಗಿಂತ ಚಿಕ್ಕವಳೆಂದು ನನ್ನ ಮೊಮ್ಮಗಳನ್ನು ಕೊನೆಗೆ ಕರೆದರು. ಅವಳು ಕುರ್ಚಿ ಹತ್ತಿ, ಬೆರಳಿಟ್ಟು, ತನ್ನ ಹೆಸರನ್ನೂ ಅವರ ಅಡ್ಡಹೆಸರನ್ನೂ ಗಟ್ಟಿಯಾಗಿ ಹೇಳಿದಳು. ಚಪ್ಪಾಳೆಯಾಯಿತು. ನಾನು ಇನ್ನೊಂದಕ್ಕೆ ಕಾಯುತ್ತಿದ್ದೆ.

ಅವಳು ನನ್ನ ಬಳಿ ಓಡಿಬಂದಾಗ, ‘ಪುಟ್ಟವ್ವಾ, ಪೂರ್ತಿ ಹೇಳಲಿಲ್ಲಲ್ಲ ನೀನು’ ಎಂದೆ.

‘ಐ ಡಿಡ್, ಅಜ್ಜಾ. ದಟ್ಸ್ ಮೈ ಹೋಲ್ ನೇಮ್.’

‘ನಮ್ಮದು?’

ನಮ್ಮ ಅಡ್ಡಹೆಸರನ್ನು ಹೇಳಿ ತೋರಿಸಿದೆ. ಅವಳು ನಕ್ಕಳು. ‘ದಟ್ಸ್ ಯುವರ್ ನೇಮ್, ಅಜ್ಜಾ. ನಂದಲ್ಲ.’

ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವಳು ತನಗೆ ಕೊಟ್ಟಿದ್ದನ್ನು ಸರಿಯಾಗಿ ಹೇಳಿದಳು.

ಮಗಳು ನನ್ನನ್ನು ಕಾರಿನ ಬಳಿಗೆ ಕರೆದೊಯ್ದಳು. ‘ಅಪ್ಪಾ, ಭಾಳ ಮನಸಿಗೆ ಹಚ್ಕೋಬ್ಯಾಡ್ರಿ. ಇಲ್ಲೆ ಹುಟ್ಟಿದ ಕೂಡ್ಲೇ ರಿಜಿಸ್ಟರ್ ಮಾಡಸ್ಬೇಕು. ಎರಡೂ ಹಾಕಿದ್ರ ಉದ್ದ ಆಗ್ತಿತ್ತು, ಸಾಲಿಯೊಳಗ ಯಾರಿಗೂ ಹೇಳಾಕ ಬರ್ತಿರ್ಲಿಲ್ಲ. ತಮ್ಮ ಹೆಸರು ಭಾಳ ರೇರ್ ಅಂತ ನಮ್ಮ ಮಾವಾರು ಹೇಳಿದ್ರು.’

‘ತೊಟ್ಟಿಲಿಗೆ ಹಾಕೋಕಿಂತ ಮೊದಲಾ?’

‘ಹೂಂ. ಮೊದಲ.’

‘ಮತ್ತ ತೊಟ್ಲದಾಗ ಹೇಳಿಸಿದ್ದು?’

‘ನಿಮಗ ಸಮಾಧಾನ ಆಗ್ಲಿ ಅಂತ. ಅವ್ವನ ಹೇಳಿದ್ಲು, ಹಂಗ ಮಾಡ್ರಿ ಅಂತ.’

ಹೀಗೆ ನನಗೆ ತಿಳಿಯಿತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವವರೆಗೆ ಕೂಸಿಗೆ ಹೆಸರೇ ಇರುವುದಿಲ್ಲ. ಇಲ್ಲಿ ತೊಟ್ಟಿಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಎತ್ತರದ ಹೆಣ್ಣುಮಗಳು ಮೊಣಕಾಲೂರಿ ಅಷ್ಟು ಸ್ಪಷ್ಟವಾಗಿ ಹೇಳಿದ ನನ್ನ ಅಡ್ಡಹೆಸರು ಕೂಸಿನ ಕಿವಿಗಲ್ಲ, ನನ್ನ ಕಿವಿಗೆ.

ಮನೆಗೆ ಬಂದ ಮೇಲೆ ಹೆಂಡತಿಯನ್ನು ಕೇಳಿದೆ. ಅವಳು ಖಾಲಿ ಡಬ್ಬಿ ತೊಳೆಯುತ್ತಿದ್ದಳು, ತಿರುಗಲಿಲ್ಲ.

‘ನಂದೂ ಹೋತಲ್ರೀ ಹೆಸರು. ಮದಿವ್ಯಾಗ ಪರಾತದಾಗ ಅಕ್ಕಿ ಹರವಿ, ಉಂಗುರದ್ಲೆ ಹೊಸಾ ಹೆಸರು ಬರದ್ರಿ. ಅಡ್ಡಹೆಸರಂತೂ ಕೇಳೂದ ಬ್ಯಾಡ. ನಮ್ಮಪ್ಪ ಆರು ವರ್ಷ ಸಿಟ್ಟು ಮಾಡ್ಕೊಂಡು ಕುಂತಿದ್ನೇನು?’

ಈ ಮಾತಿಗೆ ತೂಕವಿದೆ. ಅದನ್ನು ನಾನು ಹಗುರ ಮಾಡಿ ಬರೆಯುವುದಿಲ್ಲ. ಆದರೆ ಅಂದು ಅವಳ ಅಪ್ಪ ಆ ಪರಾತದ ಪಕ್ಕದಲ್ಲೇ ಕೂತಿದ್ದರು. ಅಳಿಸಿದ್ದನ್ನೂ ಬರೆದದ್ದನ್ನೂ ತಮ್ಮ ಕಣ್ಣಿನಿಂದ ನೋಡಿದರು. ಹಳೆಯ ಹೆಸರು ಉಳಿದಿದೆ ಎಂದು ನಾವು ಅವರಿಗೆ ಹೇಳಲಿಲ್ಲ. ಕಳೆದುಕೊಂಡವನಿಗೆ ಕಳೆದುಕೊಂಡೆ ಎಂದು ತಿಳಿಯುವ ಹಕ್ಕಾದರೂ ಇತ್ತು. ಇದನ್ನು ಹೇಳಿದೆ. ಅವಳು ‘ಹಂಗಾರ ನನ್ನ ಮ್ಯಾಲೂ ಸಿಟ್ಟ ಮಾಡ್ರಿ’ ಎಂದಳು. ಮಾಡಿದ್ದೇನೆ. ಊಟ ಒಟ್ಟಿಗೇ ಮಾಡುತ್ತೇವೆ; ಮೊದಲಿನಂತೆ ಮಾತಿಲ್ಲ.

ಈಗ ಬೀಗರು ತಮ್ಮ ಮನೆತನದ ಪುಸ್ತಕ ಮಾಡಿಸುತ್ತಿದ್ದಾರೆ. ಮುಖಪುಟಕ್ಕೆ ಅಚ್ಚಿನ ಪ್ರತಿ ಬೇಡ, ಕೈಬರಹದ ಮೂಲ ನಕಾಶೆಯೇ ಬೇಕಂತೆ. ಮಗಳು ಮೂರು ಸಲ ಫೋನ್ ಮಾಡಿದಳು. ಮೂಲ ನನ್ನ ಮೇಜಿನ ಮೇಲಿದೆ, ರೆಕ್ಸ್‌ಡೇಲಿನಲ್ಲಿ. ಅದರಲ್ಲಿ ಕೆಸರಿನ ಸಾಲು ಇದೆ. ಮಿಲ್ಟನ್ನಿನ ಚುಕ್ಕೆ ಅರ್ಧ ನೀಲಿಯಾಗಿಯೇ ಇದೆ. ಅದು ಸುಳ್ಳೆಂದು ನನಗೀಗ ಗೊತ್ತು. ಬ್ಲೇಡಿನಿಂದ ಶಾಯಿ ಕೆರೆದು ತಪ್ಪು ತೆಗೆಯುವುದನ್ನು ನಾನು ಕಚೇರಿಯ ಮೊದಲ ವರ್ಷವೇ ಕಲಿತವನು. ಒಂದು ತಪ್ಪು ಚುಕ್ಕೆಯನ್ನೂ ಯಾವ ನಕಾಶೆಯಲ್ಲೂ ಉಳಿಸಿದವನಲ್ಲ. ಇದನ್ನು ಮಾತ್ರ ಕೆರೆಯುವುದಿಲ್ಲ. ಆ ತಪ್ಪನ್ನು ಹಾಕಿಸಿದವರು ನೀವು, ಅದು ನಿಮ್ಮ ಕೈಯಿಂದಲೇ ಹೋಗಬೇಕು.

ಬೀಗರೇ, ಮಗಳೇ, ನನ್ನ ಜೊತೆ ಇಷ್ಟು ಕಾಲ ಬಾಳಿದವಳೇ, ನಕಾಶೆಯನ್ನು ಒಯ್ಯಲು ಬರುವ ಮೊದಲು ಒಂದಕ್ಕೆ ಉತ್ತರ ಹೇಳಿ. ಆ ದಿನ ತೊಟ್ಟಿಲ ಬಳಿ ನನ್ನ ಅಡ್ಡಹೆಸರು ಕೇಳಿಬಂದಾಗ, ನಾನು ಕೂಸಿಗೆ ಹೆಸರಾಯಿತೆಂದು ನಕ್ಕೆ. ನೀವು ಯಾರನ್ನು ನೋಡಿ ನಕ್ಕಿರಿ?